ಹೀಟರಿನ ಕೋಡ್ ಮತ್ತು ನನ್ನ ಭಾವ

ಭಾವನ ಬಲಗಿವಿ ಎಡಗಿವಿಗಿಂತ ಕೆಂಪು. ದಿನವಿಡೀ ಫೋನ್ ಒತ್ತಿಕೊಂಡು ಅದರ ಅಂಚು ಚಪ್ಪಟೆಯಾಗಿಬಿಟ್ಟಿತ್ತು. ಕುವೈತಿನ ರಾಯ್‌ನಲ್ಲಿ ವಾಟರ್ ಹೀಟರ್ ಕಂಪನಿಯೊಂದರ ಸರ್ವಿಸ್ ವಿಭಾಗದಲ್ಲಿ ಅವರದು ಫೋನಿನ ಕೆಲಸ. ಹೀಟರಿನ ಪರದೆಯ ಮೇಲೆ ಇಂಥ ಅಕ್ಷರ, ಇಂಥ ಅಂಕಿ ಬಂದಿದೆ ಎಂದು ಜನ ಗಾಬರಿಯಿಂದ ಹೇಳುತ್ತಿದ್ದರು. ಅದರ ಅರ್ಥವೇನು, ಮುಂದೇನು ಮಾಡಬೇಕು ಎಂದು ಇವರು ತಿಳಿಸಬೇಕು.

"ಮೊದಲು ಸ್ವಿಚ್ ಆಫ್ ಮಾಡಿ ಮಾರಾಯ್ರೆ, ಮತ್ತೆ ಮಾತಾಡುವ." ಖೈತಾನ್ ಬಡಾವಣೆಯ ಮನೆಯಲ್ಲಿ ಅಕ್ಕ ರೇಗಿದಾಗಲೂ ಇದನ್ನೇ ಅಂದು ಇನ್ನಷ್ಟು ಬೈಸಿಕೊಳ್ಳುತ್ತಿದ್ದರು. ಕುವೈತಿನಲ್ಲೇ ಮಿರ್ಕಾಬ್‌ನ ಆಫೀಸೊಂದಕ್ಕೆ ಸೇರಿದ ಹೊಸತರಲ್ಲಿ ನಾನು ಅವರ ಮನೆಯಲ್ಲೇ ಇದ್ದೆ. ರೀಸೆಟ್ ಗುಂಡಿ ಕಂಡರೆ ಭಾವನಿಗಾಗದು. "ಒಮ್ಮೆ ಒತ್ತಿ. ಮತ್ತೆ ಅದೇ ಕೋಡ್ ಬಂತಾ, ಮುಟ್ಟಲಿಕ್ಕೆ ಹೋಗ್ಬೇಡಿ" ಎನ್ನುತ್ತಿದ್ದರು.

ಮ್ಯಾನೇಜರ್ ನಮ್ಮ ಊರಿನ ಕಡೆಯವನೇ. ಅವನಿಗೆ ಇಷ್ಟು ಮಾತು ಹಿಡಿಸುತ್ತಿರಲಿಲ್ಲ. "ಯಲ್ಲಾ, ಯಲ್ಲಾ" ಎಂದು ಬೆನ್ನ ಹಿಂದೆ ನಿಂತು ಅವಸರಪಡಿಸುತ್ತಿದ್ದ. ಚಳಿಗಾಲದ ಒಂದು ಬೆಳಿಗ್ಗೆ, ಎಲ್ಲ ಫೋನ್‌ಗಳೂ ಒಟ್ಟಿಗೆ ಬಡಿದುಕೊಳ್ಳುತ್ತಿದ್ದಾಗ, ಊರಿನಿಂದ ಹೊಸದಾಗಿ ಬಂದ ಹೆಂಗಸೊಬ್ಬಳು ಕರೆ ಮಾಡಿದಳು. ನೀರು ಮಿತಿಮೀರಿ ಕಾಯುತ್ತಿದೆ ಎನ್ನುವ ಕೋಡ್ ಅವಳ ಹೀಟರಿನಲ್ಲಿ ಬಂದು ಹೋಗಿ ಮಾಡುತ್ತಿತ್ತು. "ಅದು ಖಲಾಸ್ ಅಮ್ಮ" ಎಂದು ಭಾವ ಫೋನಿಟ್ಟರು. ಹೀಟರ್ ಕೆಟ್ಟಿತು, ಬಳಸಬೇಡಿ ಎಂಬುದು ಅವರ ಅರ್ಥ. ಅವಳಿಗೆ ಗೊತ್ತಿದ್ದ ಖಲಾಸ್ ಬೇರೆ: ಕೆಲಸ ಮುಗಿದಾಗ ಗಂಡ ಹೇಳುವ ಖಲಾಸ್. ತಿರುಗಿ ನೋಡಿದರೆ ಅಂಕಿಯೂ ಮಾಯ. ಆಫೀಸಿನಿಂದಲೇ ಸರಿಮಾಡಿದರು ಅಂದುಕೊಂಡು ನಲ್ಲಿ ತಿರುಗಿಸಿದಳು. ಕುದಿಯುವ ನೀರು ಬಿದ್ದು ತೋಳಿನ ಚರ್ಮ ಸುಲಿದುಬಂತು.

ಗಂಡ ದೂರು ಕೊಟ್ಟ. ಅಂಥ ಫೋನೇ ಬರಲಿಲ್ಲ ಎಂದು ಬರೆದುಕೊಡು, ಇಲ್ಲದಿದ್ದರೆ ವೀಸಾ ಕ್ಯಾನ್ಸಲ್ ಎಂದ ಮ್ಯಾನೇಜರ್. ಅಕ್ಕ ಕಾಲು ಹಿಡಿಯುವುದೊಂದು ಬಾಕಿ. "ಮಕ್ಕಳ ಶಾಲೆ ಉಂಟಲ್ಲಾ, ಒಂದು ಸಾಲು ಬರೆದ್ರೆ ನಿಮ್ಮ ಗಂಟೇನು ಹೋಗ್ತದೆ?"

"ಆ ಹೆಂಗಸು ಕೈ ಸುಟ್ಟುಕೊಂಡು ಕೂತಿದ್ದಾಳೆ. ಅವಳದ್ದೇ ಸುಳ್ಳು ಅಂತ ಬರೀಲಿಕ್ಕೆ ನನ್ನಿಂದ ಆಗುದಿಲ್ಲ" ಎಂದರು ಭಾವ.

ಕಂಪನಿಯವರು ಆ ತಿಂಗಳೇ ವೀಸಾ ಕ್ಯಾನ್ಸಲ್ ಮಾಡಿ ಭಾವನ ಇಡೀ ಸಂಸಾರವನ್ನು ಊರಿನ ವಿಮಾನ ಹತ್ತಿಸಿದರು. ಅಷ್ಟು ವರ್ಷ ಅಕ್ಕನ ಕೈಯಡುಗೆ ಬಾಯಿ ಚಪ್ಪರಿಸಿ ತಿಂದ ಭಾವನ ಆಫೀಸಿನವರಲ್ಲಿ ಒಬ್ಬನೂ ಏರ್‌ಪೋರ್ಟಿಗೆ ಬರಲಿಲ್ಲ. ಆ ಮುಖಗಳನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಕಾರ್ಕಳದಲ್ಲಿ ಭಾವನಿಗೆ ಸರಿಯಾದ ಕೆಲಸ ಸಿಗಲೇ ಇಲ್ಲ. ಅಕ್ಕ ಊಟಕ್ಕೆ ಬಡಿಸುತ್ತಲೂ ಆ ಒಂದು ಸಾಲಿನ ಮಾತೆತ್ತಿ ಚುಚ್ಚುತ್ತಿದ್ದಳು, ಅವರು ತಲೆ ತಗ್ಗಿಸಿ ಉಣ್ಣುತ್ತಿದ್ದರು. ಕೆಲವೇ ವರ್ಷಗಳಲ್ಲಿ ಹೃದಯಾಘಾತದಿಂದ ಹೋಗಿಬಿಟ್ಟರು.

ಸುದ್ದಿ ತಿಳಿದು ಮ್ಯಾನೇಜರ್ ಅಕ್ಕನಿಗೆ ಫೋನ್ ಮಾಡಿದ. ಅವತ್ತು ಬರೆದುಕೊಟ್ಟಿದ್ದರೆ ಇನ್ನೂ ಇಲ್ಲೇ ಸುಖವಾಗಿ ಇರುತ್ತಿದ್ದರು ಎಂದು ಮರುಗಿದನಂತೆ.

"ಬರೆದಿದ್ರೆ ನಾನು ಅವರ ಮುಖ ನೋಡ್ತಿರಲಿಲ್ಲ" ಎಂದು ಅಕ್ಕ ಫೋನ್ ಕುಕ್ಕಿದಳು.

ಆ ಮಾತನ್ನು ಭಾವನಿಗೆ ಅವಳು ಒಮ್ಮೆಯೂ ಹೇಳಿರಲಿಲ್ಲ.