ಬಸವಾಪಟ್ಟಣದ ಮೆಕ್ಯಾನಿಕ್ ಕೇಳಿದ ಸದ್ದು

ಹೊಸ ಕಾರು ಓಡಿಸಿ ನೋಡಿ ಪತ್ರಿಕೆಗೆ ವಿಮರ್ಶೆ ಬರೆಯುವುದು ನನ್ನ ಕೆಲಸ. ಆ ಸಲ ಸೀಟಿನ ಹಿಂದೆಯೇ ಎಂಜಿನ್ ಇರುವ ಸ್ಪೋರ್ಟ್ಸ್ ಕಾರನ್ನು ಬಸವಾಪಟ್ಟಣದಲ್ಲಿ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದೆ. ಟ್ರ್ಯಾಕ್ಟರ್ ರಿಪೇರಿ ಮಾಡುವ ಹಿರಿಯರೊಬ್ಬರು ಎದುರಿನ ಗ್ಯಾರೇಜಿನಿಂದ ಕೈ ಒರೆಸಿಕೊಳ್ಳುತ್ತಾ ಬಂದರು.

"ಎಂಜಿನ್ ಹಿಂದೈತೇನ್ರೀ? ಒಂದ್ಸಲ ಚಾಲೂ ಮಾಡ್ರಿ, ಕೇಳಾಕೆ ಆಸೆ ಐತೆ."

ಚಾಲೂ ಮಾಡಿ, ಆಕ್ಸಿಲರೇಟರ್ ಒಂದೆರಡು ಸಲ ಒತ್ತಿ ಬಿಟ್ಟೆ. ಅವರು ಕಣ್ಣು ಮುಚ್ಚಿ ಕೇಳಿದರು. "ಜೋರು ಕೊಟ್ಟಾಗ ಚಲೋ ಐತೆ. ಇಳಿಸುವಾಗ ಯಾಕೋ ತಡವರಿಸ್ತೈತೆ ನೋಡ್ರಿ."

ನನಗೇನೂ ಕೇಳಿಸಿರಲಿಲ್ಲ. "ಅದನ್ನೆಲ್ಲ ಕಂಪ್ಯೂಟರ್ ನೋಡಿಕೊಳ್ಳುತ್ತೆ ಯಜಮಾನ್ರೇ" ಎಂದು ನಕ್ಕು ಹೊರಟುಬಿಟ್ಟೆ. ಹೊನ್ನಾಳಿ ತಲುಪುವಷ್ಟರಲ್ಲಿ ನನಗೂ ಗೊತ್ತಾಯಿತು. ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗಲೆಲ್ಲ ಎಂಜಿನ್ ಒಂದು ಕ್ಷಣ ಮುಗ್ಗರಿಸುತ್ತಿತ್ತು.

ವಿಮರ್ಶೆಯಲ್ಲಿ ಅದನ್ನು ನಾನೇ ಕಂಡುಹಿಡಿದಂತೆ ಬರೆದೆ. ಕಂಪನಿಯವರು ದೋಷ ಒಪ್ಪಿಕೊಂಡರು. ಸಂಪಾದಕರು ನನ್ನ ಕಿವಿಯನ್ನು ಹೊಗಳಿದರು. ಆ ಹೊಗಳಿಕೆ ಚುಚ್ಚುತ್ತಲೇ ಇತ್ತು. ತಿಂಗಳ ನಂತರ ಕ್ಷಮೆ ಕೇಳಲೆಂದು ಮತ್ತೆ ಆ ಗ್ಯಾರೇಜಿಗೆ ಹೋದೆ.

ನನ್ನನ್ನು ಕಂಡದ್ದೇ ಅವರ ಮುಖ ಅರಳಿತು. "ಪೇಪರ್‌ನಾಗೆ ಓದಿದೆ ಸಾರ್! ಆಮೇಲೆ ನಿಮಗೂ ಕೇಳಿಸ್ತಲ್ಲ, ನಂಗೆ ಭಾಳ ಖುಷಿಯಾತು."

ತಪ್ಪೊಪ್ಪಿಕೊಳ್ಳಲು ಹೋದವನು ಅವರೇ ಕೊಡಿಸಿದ ಚಹಾ ಕುಡಿದು, ಹೆಸರನ್ನೂ ಕೇಳದೆ ಬಂದೆ.