ಕೈಮಾತು ದಾಟಿಸುವ ತಂತಿ

ಮೆಹನಾಜಳಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಗದಗ ಹೊಸ ಜಿಲ್ಲೆಯಾದ ವರ್ಷ ಆಕೆಗೆ ಆರು ತುಂಬಿತ್ತು. ಆ ವರ್ಷವೇ ಅಪ್ಪ ಆಕೆಯನ್ನು ಲಕ್ಷ್ಮೇಶ್ವರದಿಂದ ಬಸ್ಸಿನಲ್ಲಿ ಕರೆದೊಯ್ದು ಗದಗಿನ ಕಿವುಡ ಮಕ್ಕಳ ವಸತಿ ಶಾಲೆಗೆ ಸೇರಿಸಿ ಬಂದ. ಮೊದಲ ವಾರವೆಲ್ಲ ಹುಡುಗಿ ಅತ್ತಳು. ಎರಡನೆಯ ವಾರ ಪಕ್ಕದ ಹಾಸಿಗೆಯ ನಾಗರತ್ನಾ, ಹೊಳೆದಂಡೆಯ ಹಮ್ಮಿಗಿಯಿಂದ ಬಂದವಳು, ತನ್ನ ಜಡೆಯ ತುದಿಯನ್ನು ಮೂಗಿನ ಕೆಳಗೆ ಮೀಸೆಯಂತೆ ಹಿಡಿದು ಶಾಲೆಯ ಕಾವಲುಗಾರ ನಡೆಯುವ ರೀತಿ ತೋರಿಸಿದಳು. ಮೆಹನಾಜ ಅಳು ಮರೆತು ನಕ್ಕಳು. ಅಲ್ಲಿಂದ ಹತ್ತು ವರ್ಷ ಅವರಿಬ್ಬರ ಕೈಗಳು ಸುಮ್ಮನಿದ್ದದ್ದು ನಿದ್ದೆ ಮಾಡುವಾಗ ಮಾತ್ರ. ಉಣ್ಣುವಾಗಲೂ ಎಡಗೈ ಖಾಲಿ ಇರುತ್ತಿತ್ತಲ್ಲ!

ಶಾಲೆ ಮುಗಿದ ಮೇಲೆ ದಾರಿಗಳು ಬೇರೆಯಾದವು. ನಾಗರತ್ನಾ ಮದುವೆಯಾಗಿ ಮುಂಡರಗಿ ಸೇರಿದಳು. ಮೆಹನಾಜ ಹೊಲಿಗೆ ಕಲಿತು, ಲಕ್ಷ್ಮೇಶ್ವರದಲ್ಲೇ ಸರಕಿನ ಟೆಂಪೊ ಓಡಿಸುವ ಅಝೀಮನ ಕೈಹಿಡಿದಳು. ಅಝೀಮನಿಗೂ ಅವನ ತಾಯಿ ದಾವಲಬಿಗೂ ಕಿವಿ ಚೆನ್ನಾಗಿ ಕೇಳುತ್ತದೆ. ಅಝೀಮ ಮದುವೆಗೆ ಮೊದಲೇ ಒಂದಿಷ್ಟು ಕೈಮಾತು ಕಲಿತುಕೊಂಡಿದ್ದ. ದಾವಲಬಿಗೆ ಬರುತ್ತಿರಲಿಲ್ಲ. ಇಡೀ ದಿನ ಮನೆಯಲ್ಲಿರುವವರು ಇಬ್ಬರೇ ಹೆಂಗಸರು, ಅವರಲ್ಲಿ ಒಬ್ಬಳ ಜೊತೆ ಓಣಿಯ ಸುದ್ದಿ ಹೇಳಿಕೊಳ್ಳಲಾಗದಿದ್ದರೆ ಬದುಕುವುದಾದರೂ ಹೇಗೆ? ದಾವಲಬಿ ಮೂರು ತಿಂಗಳು ತಡೆದುಕೊಂಡಳು. ಆಮೇಲೆ ಸೊಸೆಯ ಹೊಲಿಗೆ ಯಂತ್ರದ ಎದುರು ಮಣೆ ಹಾಕಿಕೊಂಡು ಕುಳಿತು ಒಂದೊಂದೇ ಸನ್ನೆ ಕಲಿತಳು. ಮನೆಯಲ್ಲಿ ಉರ್ದು, ಬಜಾರಿನಲ್ಲಿ ಕನ್ನಡ, ಸೊಸೆಯೊಂದಿಗೆ ಕೈಮಾತು. ಮೂರು ಭಾಷೆಯಲ್ಲಿ ಓಣಿಯ ಖಬರು ಹಂಚುವ ಹೆಂಗಸು ಲಕ್ಷ್ಮೇಶ್ವರದಲ್ಲಿ ಅವಳೊಬ್ಬಳೇ ಇರಬೇಕು.

ಹದಿನೈದು ವರ್ಷಗಳ ಮೇಲೆ ಹಳೆಯ ಶಾಲೆಯವರು ಫೋನಿನಲ್ಲಿ ಒಂದು ಗುಂಪು ಕಟ್ಟಿದರು. ಅದರಲ್ಲಿ ಮೆಹನಾಜಳಿಗೆ ನಾಗರತ್ನಾಳ ನಂಬರು ಸಿಕ್ಕಿತು. ಆ ಕ್ಷಣವೇ ವಿಡಿಯೊ ಕರೆ ಹಚ್ಚಿದಳು. ಗೆಳತಿಯ ಮುಖ ಮೂಡಿತು, ಎರಡೂ ಕೈ ಮೇಲೆದ್ದವು, ಅಷ್ಟಕ್ಕೇ ಚಿತ್ರ ನಿಂತುಬಿಟ್ಟಿತು. ಆ ಇಕ್ಕಟ್ಟಿನ ಓಣಿಗೆ ಮೊಬೈಲ್ ಸಿಗ್ನಲ್ ನೆಟ್ಟಗೆ ಬರುತ್ತಿರಲಿಲ್ಲ. ಕಿವಿ ಕೇಳುವವರಿಗೆ ಚಿತ್ರ ನಿಂತರೂ ದನಿ ಬರುತ್ತಿರುತ್ತದೆ. ಇವರಿಗೆ ಚಿತ್ರವೇ ಮಾತು.

ಹಾಗೂ ಹೀಗೂ ಕೆಲವು ತಿಂಗಳು ನಡೆಯಿತು. ಒಮ್ಮೆ ನಾಗರತ್ನಾ ಕುಪ್ಪಸ ಹೊಲಿದುಕೊಡಲು ಕೇಳಿ ಅಳತೆಯನ್ನು ಬೆರಳುಗಳಲ್ಲಿ ಹೇಳಿದಳು. ಬರೆದು ಕಳಿಸಬಹುದಿತ್ತು, ಆದರೆ ಎದುರಿಗೆ ಕೂತು ಮಾತಾಡುವಾಗ ಯಾರು ಬರೆಯುತ್ತಾರೆ? ಚಿತ್ರ ಎರಡು ಸಲ ನಿಂತು ಓಡಿತು, ಮೂವತ್ನಾಲ್ಕು ಹೋಗಿ ನಲವತ್ನಾಲ್ಕಾಗಿ ಬಂತು. ಫೋನಿನಲ್ಲಿ ಕಾಣುವುದು ಮುಖವೊಂದೇ, ಗೆಳತಿ ಮೈ ತುಂಬಿಕೊಂಡಿರಬೇಕು ಎಂದು ಮೆಹನಾಜ ಸಂತೋಷದಿಂದಲೇ ಹೊಲಿದು ಮುಂಡರಗಿ ಬಸ್ಸಿಗೆ ಹಾಕಿಸಿದಳು. ಮರುದಿನ ಒಂದು ಫೋಟೊ ಬಂತು. ಉಟ್ಟ ಸೀರೆಯ ಮೇಲೆಯೇ ಇಬ್ಬರು ಸೇರಿ ಅದೊಂದೇ ಕುಪ್ಪಸ ತೊಟ್ಟಿದ್ದಾರೆ. ಒಂದು ತೋಳಿನಲ್ಲಿ ನಾಗರತ್ನಾಳ ಕೈ, ಇನ್ನೊಂದರಲ್ಲಿ ಅವಳ ನಾದಿನಿಯ ಕೈ. ದಾವಲಬಿ ನಕ್ಕು ನಕ್ಕು ಹೊಸ್ತಿಲ ಮೇಲೆ ಕುಳಿತುಬಿಟ್ಟಳು. ಮೆಹನಾಜಳೂ ನಕ್ಕಳು. ಆದರೆ ಸಂಜೆ ಗಂಡ ಬಂದ ಕೂಡಲೇ ಅವನ ಮುಂದೆ ನಿಂತು ಕೈಯೆತ್ತಿದಳು: "ಮನಿಗೆ ನೆಟ್ ಹಾಕ್ಸೂಣು."

ಅಝೀಮ ಟೆಂಪೊದ ಕೀಲಿಯನ್ನು ಮೊಳೆಗೆ ಹಾಕಿ ತಾನೂ ಕೈಯಲ್ಲೇ ಉತ್ತರಿಸಿದ. "ನನಗ್ಯಾಕ ಕೇಳ್ತಿ? ನನಗ ಕ್ರಿಕೆಟ್ ಕಂಡ್ರ ಆತು. ಮಾತಾಡಾಕಿ ನೀನು. ನೀನ ಪರೀಕ್ಷಾ ಮಾಡಿ ಆರಿಸು."

ಮೊದಲು ಬಂದವನು ಸುದೀಪ, ದೊಡ್ಡ ಕಂಪನಿಯೊಂದರ ಏಜೆಂಟ್. ಮಾಳಿಗೆಯ ಮೇಲೆ ತಟ್ಟೆಯಂಥದೊಂದು ಸಾಧನ ಕೂರಿಸಿ, ಮೂರು ದಿನ ಪುಕ್ಕಟೆ ನೋಡಿ ಎಂದ.

"ತಂತಿ ಇಲ್ರಿ, ರಗಳಿ ಇಲ್ರಿ. ನೂರರ ಸ್ಪೀಡ್!" ಎಂದು ಟಿವಿಯಲ್ಲಿ ಸಿನೆಮಾ ಹಚ್ಚಿದ. ಎಲ್ಲೂ ತಡೆಯಲಿಲ್ಲ.

ದಾವಲಬಿ ಅವನ ಮಾತನ್ನು ಸೊಸೆಗೆ ದಾಟಿಸಿದಳು. ಮೆಹನಾಜ ಕೇಳಿದ ಪ್ರಶ್ನೆಯನ್ನು ಅವನಿಗೆ ದಾಟಿಸಿದಳು: "ಸಿನೆಮಾ ನಮ್ಮ ಕಡೆ ಬರ್ತೈತಿ, ಖರೆ. ನನ್ನ ಕೈ ಆ ಕಡೆ ಹೆಂಗ ಹೋಗ್ತೈತಿ ಅಂತ ಕೇಳಾಕತ್ತಾಳಪಾ."

ಸುದೀಪನಿಗೆ ಈ ಪ್ರಶ್ನೆ ಹೊಸದು. "ನೋಡೂಣ್ರಿ," ಎಂದ. ಮಧ್ಯಾಹ್ನ ನಾಗರತ್ನಾಳಿಗೆ ಕರೆ ಹಚ್ಚಿದರೆ ಎಲ್ಲ ಸರಿಯಿತ್ತು. ಅವನು ಚೀಲ ಹೆಗಲಿಗೇರಿಸಿದ. ಮೆಹನಾಜ ಅವನನ್ನು ತಡೆದು ಗೋಡೆಯ ಗಡಿಯಾರದಲ್ಲಿ ಏಳು ಗಂಟೆ ತೋರಿಸಿದಳು. ಊರಿನ ಮನೆಮನೆಗಳಲ್ಲೂ ಟಿವಿ ಹತ್ತುವ ಹೊತ್ತು ಅದು.

ಸಂಜೆ ಏಳಕ್ಕೆ ಬಂದ. ನಾಗರತ್ನಾ ಇವರಿಗೆ ಸ್ವಚ್ಛವಾಗಿ ಕಂಡಳು. ಆದರೆ ಅವಳು ಮುಂಡರಗಿಯಲ್ಲಿ ಕಣ್ಣು ಕಿರಿದು ಮಾಡಿ ಪರದೆಗೆ ಮೂಗು ತಾಗಿಸುತ್ತಿದ್ದಳು. "ಬೆರಳು ಎಲ್ಲಿ ಹೋದುವ? ಕೈಗೆ ರೊಟ್ಟಿ ಕಟ್ಕೊಂಡಿ ಏನ?" ಎಂದಳು ಕೈಯಲ್ಲಿ. ಅಲ್ಲಿ ಮೆಹನಾಜಳ ಕೈ ಬರೀ ಚೌಕ ಚೌಕವಾಗಿ ಕಾಣುತ್ತಿತ್ತಂತೆ. ಸುದೀಪ ತನ್ನ ಫೋನಿನಲ್ಲಿ ಅಳೆದು ನೋಡಿದ. ಬರುವ ದಾರಿ ನೂರಿತ್ತು. ಹೋಗುವ ದಾರಿ ಒಂದಕ್ಕಿಂತಲೂ ಕೆಳಗೆ ಇಳಿದಿತ್ತು.

"ಕೆಟ್ರ ಯಾರಿಗೆ ಹೇಳೂದು?" ಮೆಹನಾಜ ಮತ್ತೂ ಕೇಳಿಸಿದಳು.

"ಅದು ಭಾಳ ಸರಳ ಐತ್ರಿ. ಈ ನಂಬರಿಗೆ ಫೋನ್ ಹಚ್ರಿ. ಒಂದು ಒತ್ರಿ, ಎರಡು ಒತ್ರಿ ಅಂತ ದನಿ ಬರ್ತೈತಿ, ಅದನ್ನ ಕೇಳಿ..." ಅಲ್ಲಿಗೆ ಸುದೀಪ ನಿಂತ. ಮೆಹನಾಜಳ ಮುಖ ನೋಡಿದ. ಆಕೆ ನಗುತ್ತಿದ್ದಳು. ಅವನು ಕಿವಿಯವರೆಗೂ ಕೆಂಪಾದ. ಮಾಳಿಗೆ ಹತ್ತಿ ತಟ್ಟೆ ಬಿಚ್ಚಿಕೊಂಡು ಇಳಿದು ಬಂದು, ಯಾವ ಏಜೆಂಟನೂ ಹೇಳದ ಮಾತು ಹೇಳಿದ: "ನಿಮಗ ಬೇಕಾದ್ದು ನನ್ನ ಹತ್ರ ಇಲ್ರಿ, ಅಕ್ಕಾರ. ಬಸ್ ಸ್ಟ್ಯಾಂಡ್ ಹಿಂದ ಮುದಕಪ್ಪ ಅಂತ ಅದಾನ್ರಿ. ಮಾತು ಒರಟು, ತಂತಿ ಚಲೋ ಐತಿ."

ಮುದಕಪ್ಪ ಒಂದು ಕಾಲಕ್ಕೆ ಊರಿಗೆಲ್ಲ ಟಿವಿ ಕೇಬಲ್ ಕೊಟ್ಟವನು. ಈಗ ಅವೇ ಕಂಬಗಳ ಮೇಲೆ ಇಂಟರ್ನೆಟ್ಟಿನ ತಂತಿ ಎಳೆದಿದ್ದ. ಐವತ್ತು ದಾಟಿದ ಬೋಳುತಲೆಯ ಮನುಷ್ಯ, ಗಿರಾಕಿಗಳ ಮುಖ ನೋಡಿ ಮಾತಾಡುವುದು ಕಡಿಮೆ. ಅತ್ತೆ ಸೊಸೆ ಅಂಗಡಿಗೆ ಹೋದಾಗ ಮೆಹನಾಜ ಅದೇ ಪ್ರಶ್ನೆಯನ್ನು ಕೈಯಲ್ಲಿ ಕೇಳಿದಳು, ದಾವಲಬಿ ಬಾಯಲ್ಲಿ ಹೇಳಿದಳು. ಎಲ್ಲರೂ ದಾವಲಬಿಯ ಬಾಯಿ ನೋಡುತ್ತಾರೆ. ಮುದಕಪ್ಪ ಮಾತ್ರ ಮೆಹನಾಜಳ ಕೈಗಳನ್ನೇ ನೋಡಿದ.

"ಮೂವತ್ತು ವರ್ಷ ಆತು ತಂತಿ ಎಳ್ಯಾಕ ಹತ್ತಿ," ಎಂದ. "ಏನ ಬರ್ತೈತಿ ಅಂತ ಊರೆಲ್ಲಾ ಕೇಳೈತಿ. ಏನ ಹೋಗ್ತೈತಿ ಅಂತ ಕೇಳಿದಾಕಿ ಇವಳೊಬ್ಬಾಕಿ."

ಕಂಪ್ಯೂಟರಿನತ್ತ ತಿರುಗಿ ಏನೋ ಒತ್ತಿದ. "ಮನಿ ಮಂದಿಗೆ ನಾವು ಬರೂದು ಹೆಚ್ಚಿಟ್ಟು ಹೋಗೂದು ಕಡಿಮಿ ಇಡ್ತೇವಿ. ನಿಮಗ ಬರಾಕ ಐವತ್ತು, ಹೋಗಾಕೂ ಐವತ್ತು ಇಡ್ತೀನಿ."

"ಆ ಹುಡುಗ ನೂರು ಕೊಡ್ತಿದ್ದ, ನೀ ಐವತ್ತು ಅಂತೀಯಲ್ಲೋ!" ದಾವಲಬಿ ಜಗಳಕ್ಕೇ ನಿಂತಳು. ಸೊಸೆ ಅವಳ ಮೊಣಕೈ ಹಿಡಿದು ಹೊರಗೆ ಕರೆತಂದು ತಿಳಿಸಿ ಹೇಳಬೇಕಾಯಿತು.

ಮರುದಿನ ಸಂಜೆ ಏಳಕ್ಕೆ ಸರಿಯಾಗಿ ಪರೀಕ್ಷೆ. ಮುದಕಪ್ಪ ಗೋಡೆಗೆ ಇಂಟರ್ನೆಟ್ಟಿನ ಡಬ್ಬಿ ಹೊಡೆದು ಬಾಗಿಲ ಬಳಿ ನಿಂತಿದ್ದ. ನಾಗರತ್ನಾ ಪರದೆಯ ಮೇಲೆ ಬಂದಳು. ನೋಡಿದಳು. ಬೇರೇನೂ ಹೇಳದೆ ಮೊದಲು ಹೇಳಿದ್ದು ಇದು: "ನಿನ್ನ ಎಡಗಡೆ ತೋಳಿಗೆ ಹಸರ ದಾರ ಅಂಟೈತಿ ನೋಡು."

ಮೆಹನಾಜ ಬಗ್ಗಿ ನೋಡಿದಳು. ಹೊಲಿಯುವಾಗ ಅಂಟಿದ ಗೇಣುದ್ದದ ದಾರ, ಹೌದು, ಹಸಿರೇ. ಅದನ್ನು ಕಿತ್ತು ಅತ್ತೆಯ ಕೈಗಿಟ್ಟಳು, ಎದ್ದು ಕುಣಿದಳು. ಆಯ್ಕೆ ಅಲ್ಲಿಗೆ ಮುಗಿಯಿತು. ಗೆಳತಿಯರಿಬ್ಬರೂ ಹದಿನೈದು ವರ್ಷದ ಬಾಕಿ ಮಾತಿಗೆ ಕುಳಿತರು. ಒಲೆಯ ಮೇಲಿನ ಸಾರು ಹೊತ್ತಿತು. ಅಝೀಮ ಹೊತ್ತಿದ ಸಾರನ್ನೇ ಉಂಡು ಚೆನ್ನಾಗಿದೆ ಎಂದ.

ಹೊರಡುವ ಮೊದಲು ಮುದಕಪ್ಪ ಕೆಟ್ಟರೆ ಹೇಗೆ ತಿಳಿಸಬೇಕೆಂದು ತಾನಾಗಿಯೇ ಹೇಳಿದ್ದ, ಅದೂ ಬಾಯಲ್ಲಲ್ಲ. ಡಬ್ಬಿಯ ದೀಪ ತೋರಿಸಿದ, ಮುಷ್ಟಿ ಬಿಚ್ಚಿ ಮುಚ್ಚಿ ದೀಪ ಆರಿದ್ದನ್ನು ತೋರಿಸಿದ, ಫೋನಿನಲ್ಲಿ ನಿನ್ನ ಮುಖವೊಂದು ಮೂಡಿದರೆ ಸಾಕು ಎಂದ, ಎರಡು ಬೆರಳು ಓಡಿಸಿ ನಾನು ಬರುತ್ತೇನೆ ಎಂದ. ಶಾಲೆಯ ಸನ್ನೆಗಳಲ್ಲ, ಆದರೂ ಒಂದೂ ತಪ್ಪಿಲ್ಲದೆ ತಿಳಿಯಿತು. ಎಲ್ಲಿ ಕಲಿತಿ ಎಂದು ಮೆಹನಾಜ ಕೇಳಿಸಿದಳು.

"ನಮ್ಮಕ್ಕಗ ಕಿವಿ ಕೇಳೂದಿಲ್ಲ. ರೇಣುಕವ್ವ ಅಂತ, ಶಿರಹಟ್ಟ್ಯಾಗ ಅದಾಳ. ಶಾಲಿ ಗೀಲಿ ಕಂಡಾಕಿ ಅಲ್ಲ. ಮನ್ಯಾಗ ನಾವು ಹಿಂಗ ಏನೇನೋ ಕೈ ಮಾಡ್ಕೋತ ಬೆಳದ್ವಿ."

"ಈಗ ಆಕಿ ಯಾರ ಜೋಡಿ ಮಾತಾಡ್ತಾಳ?"

"ನಾ ಹೋದಾಗ ನನ್ನ ಜೋಡಿ."

"ನೀ ಯಾವಾಗ ಹೋಗ್ತಿ?"

ಮುದಕಪ್ಪ ಉಳಿದ ತಂತಿಯನ್ನು ಸುತ್ತತೊಡಗಿದ. "ಉಗಾದಿಗೆ. ಮತ್ತ ದೀಪಾವಳಿಗೆ."

ಮೆಹನಾಜ ಅತ್ತೆಗಾಗಿ ಕಾಯಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಬರುವ ರವಿವಾರದ ಮೇಲೆ ಬೆರಳಿಟ್ಟು, ಕರೆದುಕೊಂಡು ಬಾ ಎಂದು ನೇರ ಅವನಿಗೇ ಸನ್ನೆ ಮಾಡಿದಳು.

ರವಿವಾರ ಅರವತ್ತರ ರೇಣುಕವ್ವ ತಮ್ಮನ ಹಿಂದೆ ಬಂದು ಮಂಚದ ತುದಿಗೆ ಕುಳಿತಳು, ಎರಡೂ ಕೈ ಸೆರಗಿನೊಳಗೆ. ಮೆಹನಾಜ ಕರೆಯನ್ನು ಟಿವಿಗೆ ಹಚ್ಚಿದಳು. ನಾಗರತ್ನಾ, ಬೆಟಗೇರಿಯ ಒಬ್ಬಳು, ಗದಗಿನ ಇಬ್ಬರು, ಒಟ್ಟು ಎಂಟು ಜನ ಹಳೆಯ ಗೆಳತಿಯರು ಎಂಟು ಚೌಕಗಳಲ್ಲಿ ಮೂಡಿದರು. ಎಲ್ಲರೂ ಒಮ್ಮೆಲೇ ಮಾತಿಗೆ ತೊಡಗಿದರು. ರೇಣುಕವ್ವ ಕಣ್ಣು ಮಿಟುಕಿಸದೆ ನೋಡಿದಳು. ತನ್ನಂಥವರು ಲೋಕದಲ್ಲಿ ಇಷ್ಟು ಜನ ಇದ್ದಾರೆಂದು, ಅವರು ಹೀಗೆ ನಾಚದೆ ಕೈಯಾಡಿಸುತ್ತಾರೆಂದು ಅವಳಿಗೆ ಗೊತ್ತಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮುದಕಪ್ಪ ಬೇರೆ ಕಡೆ ಮುಖ ತಿರುಗಿಸಿದ.

ನಾಗರತ್ನಾ ಹುಬ್ಬೆತ್ತಿ, ಇವರು ಯಾರು ಎಂದು ಕೇಳಿದಳು. ರೇಣುಕವ್ವನಿಗೆ ಅರ್ಥವಾಯಿತು. ಸೆರಗಿನಿಂದ ಒಂದು ಕೈ ಹೊರಬಂತು, ಆಮೇಲೆ ಇನ್ನೊಂದು. ತಮ್ಮನನ್ನು ತೋರಿಸಿದಳು. ಇಷ್ಟೇ ಇಷ್ಟಿದ್ದ, ಸೊಂಟದ ಮೇಲೆ ಹೊತ್ತು ತಿರುಗಿದೆ ಎಂದಳು. ಆಗ ತಲೆ ತುಂಬ ಗುಂಗುರು ಕೂದಲು. ಈಗ? ಅಂಗೈಯಿಂದ ತನ್ನ ನೆತ್ತಿಯನ್ನು ನುಣ್ಣಗೆ ಸವರಿ, ಹೊಟ್ಟೆಯ ಮುಂದೆ ದೊಡ್ಡದೊಂದು ಗಡಿಗೆ ಬರೆದಳು.

ಎಂಟೂ ಚೌಕಗಳಲ್ಲಿ ನಗು ಒಡೆಯಿತು. ಮುದಕಪ್ಪ ಹೆಗಲ ಮೇಲಿನ ಟವೆಲ್ಲನ್ನು ತಲೆಗೆ ಸುತ್ತಿಕೊಂಡ. ರೇಣುಕವ್ವ ಒಂದು ಕ್ಷಣ ಬೆರಗಾಗಿ ನೋಡಿ, ತನ್ನ ಮಾತಿಗೇ ನಗುತ್ತಿದ್ದಾರೆಂದು ತಿಳಿದ ಮೇಲೆ, ಮಂಚದ ತುದಿಯಿಂದ ನಡುವಿಗೆ ಸರಿದು ಕುಳಿತು ಎರಡನೆಯ ಕಥೆ ಶುರು ಮಾಡಿದಳು. ಶಿರಹಟ್ಟಿಯ ಬಸ್ಸು ಬಂತು, ಹೋಯಿತು. "ಇವತ್ತ ಇಲ್ಲೇ ಇರ್ಲಿ ಬಿಡಪಾ," ಎಂದಳು ದಾವಲಬಿ. "ಇಂಥಾ ಚಾಡಿ ಹೇಳಾಕಿ ನಮ್ಮನ್ಯಾಗ ಒಬ್ಬಾಕಿ ಬೇಕಾಗಿದ್ಲು."

ತಿಂಗಳೊಳಗೆ ಮುದಕಪ್ಪ ಶಿರಹಟ್ಟಿಯಲ್ಲಿ ಅಕ್ಕನ ಮನೆಗೂ ತಂತಿ ಎಳೆಸಿದ. ಈಗ ರವಿವಾರದ ಚೌಕಗಳು ಹೆಚ್ಚಾಗಿವೆ. ಗೆಳತಿಯರಲ್ಲಿ ಪ್ರತಿಯೊಬ್ಬರಿಗೂ ಒಂದು ಸನ್ನೆಯ ಹೆಸರಿದೆ. ರೇಣುಕವ್ವನಿಗೂ ಒಂದು ಇಡಬೇಕಾಯಿತು. ಅವಳು ಮೊದಲು ತನ್ನ ಮೂಗುಬಟ್ಟು ಮುಟ್ಟಿ ತೋರಿಸಿದಳು. ಆ ಹೆಸರು ಬೆಟಗೇರಿಯವಳದು ಎಂದು ಗದ್ದಲವಾಯಿತು. ಇಡೀ ವಾರ ಯೋಚಿಸಿ ತುರುಬನ್ನು ಆರಿಸಿಕೊಂಡಳು: ಕತ್ತಿನ ಹಿಂದೆ ಮುಷ್ಟಿ ಹಿಡಿದು ಒಮ್ಮೆ ತಿರುವಿದರೆ ರೇಣುಕವ್ವ. ಅವಳು ಬರುವುದು ಐದು ನಿಮಿಷ ತಡವಾದರೆ ಎಲ್ಲ ಚೌಕಗಳಲ್ಲೂ ಮುಷ್ಟಿಗಳು ಕತ್ತಿನ ಹಿಂದೆ ಹೋಗುತ್ತವೆ. ಒಲೆಯ ಬಳಿಯಿಂದಲೇ ಅದನ್ನು ಕಂಡ ರೇಣುಕವ್ವ, ಕೈಯ ಜೋಳದ ಹಿಟ್ಟನ್ನೂ ತೊಳೆಯದೆ, ಪರದೆಯ ಮುಂದೆ ಬಂದು ಕೂರುತ್ತಾಳೆ.