ಊಟಕ್ಕೆ ಮುಂಚೆ ಮೂರು ಥ್ಯಾಂಕ್ಸ್

ಟೈಲರಮ್ಮನ ಮೂಗು ಬಲು ಚುರುಕು. ಆ ಕಸುಬಿನಲ್ಲಿ ಅದೊಂದು ಶಾಪ. ಹೊಸ ಬಟ್ಟೆ ಅವಳ ಅಂಗಡಿಗೆ ಬರುವುದೇ ಅಪರೂಪ. ಹಳೆಯದನ್ನು ಬಿಗಿ ಮಾಡುವುದು, ಸಡಿಲಿಸುವುದು, ಜಿಪ್ ಬದಲಿಸುವುದು, ಇಷ್ಟೇ ಅವಳ ಕೆಲಸ. ಜನ ತೊಟ್ಟು ಬೆವರಿದ್ದನ್ನೇ ಮುದ್ದೆ ಮಾಡಿ ತಂದು ಮೇಜಿನ ಮೇಲೆ ಎಸೆಯುತ್ತಿದ್ದರು. ಕಂಕುಳಿನ ಹೊಲಿಗೆ ಬಿಚ್ಚಿದರೆ ಉಗುರಿಗೆ ಜಿಡ್ಡು, ಜೇಬು ತಿರುವಿದರೆ ಮೂಗು ಒರೆಸಿದ ಕಾಗದ. ಅವಳು ಯಾರ ಮುಲಾಜೂ ನೋಡುವವಳಲ್ಲ. "ಒಗ್ಸ್ಕೊಂಡು ತನ್ನಿ ಸ್ವಾಮಿ. ನಾನು ಹೊಲಿಯೋಳು, ಮೂಸೋಳಲ್ಲ" ಎಂದು ಮುಖಕ್ಕೆ ಹೊಡೆದಂತೆ ಹೇಳಿ ವಾಪಸ್ ತಳ್ಳುತ್ತಿದ್ದಳು. ಗೊಣಗುತ್ತ ಹೋದವರು ಒಗೆಸಿಕೊಂಡು ಮತ್ತೆ ಅವಳ ಹತ್ತಿರವೇ ಬರುತ್ತಿದ್ದರು. ಕೆಲಸ ಅಷ್ಟು ಚೊಕ್ಕ.

ಮನೆಯಲ್ಲಿ ಮಾತ್ರ ಆ ಬಾಯಿಗೆ ಬೀಗ. ಗಂಡ ಇನ್ನೊಬ್ಬಳ ಜೊತೆ ಹೋದ ಮೇಲೆ ಅವಳೂ ಮಗಳು ಪುಟ್ಟಿಯೂ ತಮ್ಮನ ಮನೆ ಸೇರಿದ್ದರು. ಮಲಗುವುದು ಅಡುಗೆಮನೆ ಪಕ್ಕದ ಸಾಮಾನಿನ ಕೋಣೆಯಲ್ಲಿ. ಮೇಲಿನ ಮನೆಯ ಕಕ್ಕಸಿನ ಕೊಳವೆ ಆ ಗೋಡೆಯೊಳಗೇ ಇಳಿದಿತ್ತು. ಯಾರು ನೀರು ಬಿಟ್ಟರೂ ದಿಂಬಿನ ಪಕ್ಕದಲ್ಲೇ ಗುಳುಗುಳು. ಟೈಲರಮ್ಮ ಹಲ್ಲು ಕಚ್ಚಿಕೊಂಡಿದ್ದಳು. ಪುಟ್ಟಿ ಯಾರಿಗೂ ತಲೆ ತಗ್ಗಿಸದೆ ಬೆಳೆಯಬೇಕು, ಅಷ್ಟಾದರೆ ತನ್ನ ಪಾಡು ಏನಾದರೂ ಆಗಲಿ ಎಂಬುದೊಂದೇ ಅವಳ ಹಟ.

ಹೀಗಿರುವಾಗ ತಮ್ಮನ ಹೆಂಡತಿ ಆಫೀಸಿನಲ್ಲಿ ಒಂದು ದಿನದ ಶಿಬಿರಕ್ಕೆ ಹೋಗಿ ಬಂದಳು. ಬರುವಾಗ ಎಲ್ಲರಿಗೂ ಸೂರ್ಯಕಾಂತಿ ಚಿತ್ರದ ಒಂದೊಂದು ಪುಸ್ತಕ ತಂದಳು.

"ದಿನಾ ಮೂರು ವಿಷಯಕ್ಕೆ ಥ್ಯಾಂಕ್ಸ್ ಬರೀಬೇಕು ಅತ್ತಿಗೆ. ಊಟಕ್ಕೆ ಮುಂಚೆ ಎಲ್ರೂ ಜೋರಾಗಿ ಓದ್ಬೇಕು. ಅಭ್ಯಾಸ ಆದ್ರೆ ಮನಸ್ಸು ಎಷ್ಟು ಹಗುರ ಆಗುತ್ತೆ ಗೊತ್ತಾ?"

ಮೊದಲ ದಿನ ತಮ್ಮ ತನ್ನ ಕಾರಿಗೂ ಮೇಲಧಿಕಾರಿಗೂ ಧನ್ಯವಾದ ಹೇಳಿದ. ಅವನ ಮಗ ಗುಂಡ ಮೊಬೈಲಿಗೆ ಹೇಳಿದ. ತಮ್ಮನ ಹೆಂಡತಿಯಂತೂ ನಾಲ್ಕು ಜನರನ್ನು ಸಾಕುವಂಥ ದೊಡ್ಡ ಮನಸ್ಸು ತನಗಿರುವುದಕ್ಕೆ ಧನ್ಯವಾದ ಹೇಳಿಕೊಂಡಳು. ಸಾರು ಆರುತ್ತಿತ್ತು. ಟೈಲರಮ್ಮ ಓದಿದಳು: "ಒಬ್ಬ ಗಿರಾಕಿ ಒಗೆದ ಪ್ಯಾಂಟ್ ತಂದ. ಅದಕ್ಕೆ ಥ್ಯಾಂಕ್ಸ್." ಗುಂಡ ಕಿಸಕ್ಕನೆ ನಕ್ಕ.

"ಅದು ಸರಿ ಅತ್ತಿಗೆ. ಈ ಮನೆ ಬಗ್ಗೆ ಏನೂ ಅನ್ನಿಸ್ಲಿಲ್ವಾ?"

ಕೇಳಿದ್ದು ಸಕ್ಕರೆಯಂಥ ದನಿಯಲ್ಲೇ. ಟೈಲರಮ್ಮನಿಗೆ ಮೈಯೆಲ್ಲ ಉರಿಯಿತು. ದಾನ ಮಾಡಿದವರು ರಸೀದಿ ಕೇಳುವುದು ನೋಡಿದ್ದಳು, ದಿನಾ ಕೇಳುವುದು ಇದೇ ಮೊದಲು. ಆದರೂ ನುಂಗಿಕೊಂಡಳು. ಮಗಳು ತಡವರಿಸಿ ಬೈಸಿಕೊಳ್ಳದಿರಲಿ ಎಂದು ತಾನೇ ಕೂರಿಸಿ ಹೇಳಿಕೊಟ್ಟಳು. "ಮೊದ್ಲು ಮಾವಂದು, ಆಮೇಲೆ ಅತ್ತೆದು, ಕೊನೆಗೆ ಊಟದ್ದು. ಬಾಯಲ್ಲಿ ಅಂದ್ಬಿಡು, ಗಂಟೇನು ಹೋಗುತ್ತೆ?" ಅದು ಬರಿಯ ಕಚ್ಚಾ ಹೊಲಿಗೆ, ಬೇಕೆಂದಾಗ ಎಳೆದು ಬಿಸಾಡಬಹುದು ಎಂದುಕೊಂಡಳು.

ಪುಟ್ಟಿ ಜಾಣೆ, ಬೇಗ ಕಲಿತಳು. ಅತ್ತೆ ಹೊಗಳಿದಷ್ಟೂ ಹೊಸಹೊಸದು ಹುಡುಕಿ ಬರೆದಳು. ಹಳೇ ಚಪ್ಪಲಿಗೆ ಥ್ಯಾಂಕ್ಸ್, ಟಿವಿ ನೋಡಲು ನೆಲದ ಮೇಲೆ ಜಾಗ ಬಿಟ್ಟದ್ದಕ್ಕೆ ಥ್ಯಾಂಕ್ಸ್. ಒಂದು ಸಂಜೆ ಎದ್ದು ನಿಂತು ಓದಿದಳು: "ಗುಂಡ ಕಚ್ಚಿ ಬಿಟ್ಟ ಸೇಬು ನಂಗೆ ಕೊಟ್ಟಿದ್ದಕ್ಕೆ ಥ್ಯಾಂಕ್ಸ್. ಅತ್ತೆ ಮೆಲ್ಲಗೆ ಬೈದಿದ್ದಕ್ಕೆ ಥ್ಯಾಂಕ್ಸ್." ಎಲ್ಲರೂ ಚಪ್ಪಾಳೆ ತಟ್ಟಿದರು. ಎಂಥೆಂಥ ಕೊಳಕು ಜೇಬಿಗೆ ಕೈ ಹಾಕಿದ್ದ ಟೈಲರಮ್ಮನಿಗೂ ಆವತ್ತಿನಷ್ಟು ಹೇಸಿಗೆ ಎಂದೂ ಆಗಿರಲಿಲ್ಲ.

ಕೋಣೆಗೆ ಬಂದವಳೇ ಮಗಳ ರಟ್ಟೆ ಹಿಡಿದಳು. "ಎಂಜಲು ತಿಂದು ಥ್ಯಾಂಕ್ಸ್ ಹೇಳ್ತೀಯಾ? ನಾಚಿಕೆ ಆಗಲ್ವಾ?"

"ನೀನೇ ಹೇಳ್ಕೊಟ್ಟಿದ್ದಲ್ವಾ?" ಪುಟ್ಟಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

ಮರುದಿನ ಊಟದ ಮೇಜಿನಲ್ಲಿ ಟೈಲರಮ್ಮ ಪುಸ್ತಕವನ್ನು ತೆರೆಯಲೇ ಇಲ್ಲ. ಅಂಗಡಿಯ ದನಿಯಲ್ಲೇ ಹೇಳಿದಳು: "ನಂದು ಇವತ್ತು ಏನೂ ಇಲ್ಲ. ನಾಳೆನೂ ಇರಲ್ಲ. ಪುಟ್ಟಿನೂ ಇನ್ಮೇಲೆ ಓದಲ್ಲ."

ತಮ್ಮನ ಹೆಂಡತಿ ಮುಖ ಬಿಗಿದುಕೊಂಡಳು. ಆಗ ಪುಟ್ಟಿ ಕುರ್ಚಿ ಸರಿಸಿ ಎದ್ದು ನಿಂತಳು. ಕೈಯಲ್ಲಿ ಪುಸ್ತಕವೂ ಇರಲಿಲ್ಲ.

"ಅಮ್ಮಂಗೆ ತಲೆನೋವು ಅತ್ತೆ, ಅದಕ್ಕೇ ಹೀಗಂತಿದ್ದಾಳೆ. ಅವಳದ್ದೂ ನಾನೇ ಹೇಳ್ತೀನಿ. ನಮ್ಮನ್ನ ಇಟ್ಕೊಂಡಿದ್ದಕ್ಕೆ ಥ್ಯಾಂಕ್ಸ್. ಇನ್ನೂ ಹೊರಗೆ ಹಾಕ್ದೆ ಇರೋದಕ್ಕೆ ಥ್ಯಾಂಕ್ಸ್. ಅಮ್ಮ ಹೀಗೆ ಮಾತಾಡಿದ್ರೂ ನೀವು ಬೈದೆ ಇರೋದಕ್ಕೆ ಥ್ಯಾಂಕ್ಸ್."

ಒಂದು ಕಡೆಯೂ ತಡವರಿಸಲಿಲ್ಲ.

"ನೋಡಿ ಅತ್ತಿಗೆ, ಮಕ್ಕಳನ್ನ ನೋಡಿ ಕಲೀಬೇಕು" ಎಂದು ತಮ್ಮನ ಹೆಂಡತಿ ಪುಟ್ಟಿಯ ತಟ್ಟೆಗೇ ಮೊದಲು ಬಡಿಸಿದಳು. ಪುಟ್ಟಿ ತಾಯಿಯ ಕಿವಿಯ ಹತ್ತಿರ ಬಾಗಿ, "ಹೆದರ್ಕೋಬೇಡಮ್ಮ, ಎಲ್ಲಾ ಸರಿಮಾಡ್ದೆ" ಎಂದು ಪಿಸುಗುಟ್ಟಿ ಊಟಕ್ಕೆ ಕೈ ಹಾಕಿದಳು. ಟೈಲರಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಬಚ್ಚಲಿಗೆ ಓಡಿದಳು.